ಬೆಂಚ್ ಗ್ರೈಂಡರ್ ಅದುರುತ್ತಿದೆ, ಉಳಿಯ ಹದ ಕೆಡುತ್ತಿದೆ: ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು?

ಮರಗೆಲಸ:

ಎಲ್ಲರಿಗೂ ನಮಸ್ಕಾರ. ಮರಗೆಲಸದ ಉಳಿಗಳನ್ನೂ ಡ್ರಿಲ್ ಬಿಟ್‌ಗಳನ್ನೂ ಸಾಣೆ ಹಿಡಿಯುವುದಕ್ಕಾಗಿ 150 ಮಿ.ಮೀ. ಚಕ್ರಗಳಿರುವ ಹಳೆಯ ಬೆಂಚ್ ಗ್ರೈಂಡರ್ ಒಂದನ್ನು ಪಡೆದಿದ್ದೇನೆ. ನಿಮಿಷಕ್ಕೆ 2850 ಸುತ್ತು ಎಂದು ಅದರ ಫಲಕದ ಮೇಲಿದೆ. ಈಗಿರುವ ತೊಂದರೆಗಳು ಇವು: ಚಾಲೂ ಮಾಡಿದರೆ ಮೇಜೇ ನಡುಗುವಷ್ಟು ಯಂತ್ರ ಅದುರುತ್ತದೆ. ಕೆಲವೊಮ್ಮೆ ಸ್ವಿಚ್ ಒತ್ತಿದಾಗ ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ತಿರುಗಿದಾಗ ಉಳಿಯನ್ನು ಹಿಡಿದರೆ ಅದರ ಅಂಚು ನೋಡನೋಡುತ್ತಿದ್ದಂತೆಯೇ ನೀಲಿಯಾಗುತ್ತದೆ. ಬೇರಿಂಗ್ ಸವೆದಿರಬೇಕೆಂದು ಭಾವಿಸಿ ಮೋಟಾರನ್ನು ಬಿಚ್ಚುವ ಯೋಚನೆಯಲ್ಲಿದ್ದೇನೆ. ಉಪಕರಣವನ್ನು ಊರಿ ಹಿಡಿಯುವ ಟೂಲ್ ರೆಸ್ಟಿಗೂ ಚಕ್ರಕ್ಕೂ ನಡುವೆ ಸುಮಾರು ಒಂದು ಬೆರಳಿನಷ್ಟು ಸಂದು ಇದೆ. ಅದರಿಂದ ತೊಂದರೆ ಇದೆಯೇ ಎಂಬುದನ್ನೂ ತಿಳಿಸಿ.

ಫಿಟ್ಟರ್:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನೀವು ಬರೆದಿರುವ ಎಲ್ಲದರಲ್ಲಿ ಅದೇ ಅತ್ಯಂತ ಅಪಾಯಕಾರಿಯಾದ ಸಂಗತಿ. ಬೆರಳಿನಷ್ಟು ಸಂದು ಇರುವ ಗ್ರೈಂಡರನ್ನು ದಯವಿಟ್ಟು ಇನ್ನೊಮ್ಮೆ ಚಾಲೂ ಮಾಡಬೇಡಿ, ಪ್ಲಗ್ ತೆಗೆದಿಡಿ. ಚಕ್ರದ ಎದುರುಭಾಗ ಮೇಲಿನಿಂದ ಕೆಳಕ್ಕೆ ತಿರುಗುವುದರಿಂದ, ಕೈಯಲ್ಲಿರುವ ಉಪಕರಣವನ್ನು ಅದು ಸದಾ ಆ ಸಂದಿನೊಳಕ್ಕೇ ಎಳೆಯುತ್ತಿರುತ್ತದೆ. ಸಂದು ಅಗಲವಾಗಿದ್ದರೆ ಡ್ರಿಲ್ ಬಿಟ್ಟಿನಂಥ ಸಣ್ಣ ವಸ್ತು ಚಕ್ರಕ್ಕೂ ರೆಸ್ಟಿಗೂ ನಡುವೆ ಸಿಕ್ಕಿಕೊಂಡು ಚಕ್ರವನ್ನೇ ಸೀಳಬಲ್ಲದು, ಅದನ್ನು ಹಿಡಿದಿದ್ದ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಈ ಸಂದು 3 ಮಿ.ಮೀ.ಗಿಂತ ಹೆಚ್ಚಿರಬಾರದು. ಚಕ್ರದ ಮೇಲ್ಭಾಗದಲ್ಲಿ, ಅದನ್ನು ಮುಚ್ಚುವ ಗಾರ್ಡಿನ ತುದಿಗೆ ಸ್ಕ್ರೂಗಳಿಂದ ಕೂರಿಸಿದ ಸಣ್ಣ ಲೋಹದ ಪಟ್ಟಿಯೊಂದು ಇರಬೇಕು, ಅದನ್ನೂ ಹುಡುಕಿ ನೋಡಿ. ಅದಕ್ಕೂ ಚಕ್ರಕ್ಕೂ ನಡುವಿನ ಅಂತರ 6 ಮಿ.ಮೀ. ಮೀರಬಾರದು. ಚಕ್ರ ಒಡೆದ ಸಂದರ್ಭದಲ್ಲಿ ಚೂರುಗಳು ನಿಮ್ಮ ಮುಖದ ಕಡೆಗೆ ಬರದಂತೆ ತಡೆಯುವುದೇ ಆ ಪಟ್ಟಿಯ ಕೆಲಸ.

ಈ ಎರಡು ಅಂತರಗಳನ್ನು ಒಮ್ಮೆ ಹೊಂದಿಸಿ ಮರೆತುಬಿಡುವಂತಿಲ್ಲ. ಚಕ್ರ ಸವೆದಂತೆಲ್ಲ ಸಂದು ತಾನಾಗಿಯೇ ಅಗಲವಾಗುತ್ತ ಹೋಗುತ್ತದೆ, ಆದ್ದರಿಂದ ಕೆಲಸಕ್ಕೆ ನಿಲ್ಲುವ ಮುನ್ನ ಪ್ರತಿ ಸಲವೂ ನೋಡಿಕೊಳ್ಳಬೇಕು. ಹೊಂದಿಸುವಾಗ ಚಕ್ರ ಪೂರ್ತಿ ನಿಂತಿರಬೇಕು. ತಿರುಗುತ್ತಿರುವ ಚಕ್ರದ ಮುಂದೆ ಸ್ಪಾನರ್ ಹಿಡಿದು ರೆಸ್ಟನ್ನು ಸರಿಸುವವರನ್ನು ನಾನು ಕಾರ್ಖಾನೆಗಳಲ್ಲಿ ಕಂಡಿದ್ದೇನೆ. ಅನುಭವಿಗಳೆನಿಸಿಕೊಂಡವರೂ ಹಾಗೆ ಮಾಡುತ್ತಾರೆಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನು ಅದುರುವಿಕೆ. ಮೋಟಾರನ್ನು ಈಗಲೇ ಬಿಚ್ಚಬೇಡಿ. ಅದುರುವ ಬೆಂಚ್ ಗ್ರೈಂಡರ್‌ಗಳಲ್ಲಿ ಹೆಚ್ಚಿನವುಗಳ ದೋಷ ಇರುವುದು ಚಕ್ರದಲ್ಲಿ ಅಥವಾ ಅದನ್ನು ಕೂರಿಸಿರುವ ರೀತಿಯಲ್ಲಿ. ಎರಡೂ ಚಕ್ರಗಳನ್ನೂ ಅವನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಲೋಹದ ಬಿಲ್ಲೆಗಳಾದ ಫ್ಲ್ಯಾಂಜ್‌ಗಳನ್ನೂ ತೆಗೆದಿಟ್ಟು, ನಟ್‌ಗಳನ್ನೂ ಕಳಚಿ, ಬರೀ ಶಾಫ್ಟನ್ನು (ಚಕ್ರಗಳು ಕೂರುವ ದಂಡವನ್ನು) ಓಡಿಸಿ ನೋಡಿ. ಅದುರುವಿಕೆ ನಿಂತರೆ ಬೇರಿಂಗಿನ ಮೇಲಿನ ಸಂಶಯವನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು.

ತೆಗೆದ ಚಕ್ರಗಳನ್ನು ತಟ್ಟಿ ಪರೀಕ್ಷಿಸಿ. ಚಕ್ರ ಒಣಗಿರಬೇಕು, ಧೂಳು ಒರೆಸಿರಬೇಕು. ನಡುವಿನ ರಂಧ್ರದಲ್ಲಿ ಬೆರಳು ತೂರಿಸಿ ಚಕ್ರವನ್ನು ತೂಗಿ ಹಿಡಿದು, ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದಲೋ ಸಣ್ಣ ಮರದ ತುಂಡಿನಿಂದಲೋ ನಡುವಿನ ಲಂಬ ಗೆರೆಯಿಂದ ಎರಡೂ ಬದಿಗೆ 45 ಡಿಗ್ರಿ ದೂರದಲ್ಲಿ, ಅಂಚಿನಿಂದ 25ರಿಂದ 50 ಮಿ.ಮೀ. ಒಳಗೆ ಮೆಲ್ಲಗೆ ತಟ್ಟಿ. ಬಳಿಕ ಚಕ್ರವನ್ನು 45 ಡಿಗ್ರಿ ತಿರುಗಿಸಿ ಮತ್ತೆ ತಟ್ಟಿ. ಸರಿಯಾದ ಚಕ್ರ ಸ್ಪಷ್ಟವಾಗಿ ಠಣ್ ಎಂದು ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ಸದ್ದು ಕೊಡುತ್ತದೆ. ಬಿರುಕು ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಸದ್ದಿನಲ್ಲಿ ಅನುಮಾನ ಬಂದ ಚಕ್ರವನ್ನು ಮರಳಿ ಹಾಕುವ ಮಾತೇ ಬೇಡ.

ವೈಂಡಿಂಗ್:

ಫಿಟ್ಟರ್ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಗುಂಯ್ ಎಂದು ನಿಲ್ಲುವ ತೊಂದರೆ ಮಾತ್ರ ಚಕ್ರದ್ದಲ್ಲ, ಅದರ ಬಗ್ಗೆ ನಾನು ಹೇಳುತ್ತೇನೆ.

ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿಯೇ ತಿರುಗಲಾರಂಭಿಸುವ ಶಕ್ತಿ ಇರುವುದಿಲ್ಲ. ಅದಕ್ಕಾಗಿ ಸ್ಟಾರ್ಟಿಂಗ್ ವೈಂಡಿಂಗ್ ಎಂಬ ಎರಡನೆಯ ಸುರುಳಿಯನ್ನು ಹಾಕಿ, ಸಾಮಾನ್ಯವಾಗಿ ಒಂದು ಕೆಪಾಸಿಟರ್ ಮೂಲಕ ಅದಕ್ಕೆ ವಿದ್ಯುತ್ ಕೊಡುತ್ತಾರೆ. ಕೆಪಾಸಿಟರ್ ದುರ್ಬಲವಾದರೆ ಅಥವಾ ಆ ಸುರುಳಿಯ ದಾರಿಯಲ್ಲಿ ಎಲ್ಲಾದರೂ ಸಂಪರ್ಕ ಕಡಿದರೆ ಮೋಟಾರ್ ನಿಂತಲ್ಲೇ ಗುಂಯ್‌ಗುಡುತ್ತದೆ. ಹಾಗೆ ನಿಂತಾಗ ಕೂಡಲೇ ಸ್ವಿಚ್ ಆರಿಸಿ, ಇಲ್ಲವಾದರೆ ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಸುಟ್ಟುಹೋಗುತ್ತದೆ. ಚಕ್ರವನ್ನು ಕೈಯಿಂದ ತಿರುಗಿಸಿ ಓಡಿಸುವ ಅಭ್ಯಾಸ ಹಲವರಿಗಿದೆ. ಅದು ದೋಷವನ್ನು ಮುಚ್ಚಿಡುವುದಷ್ಟೇ ಅಲ್ಲ, ವೇಗ ಏರುತ್ತಿರುವ ಚಕ್ರದ ಮೇಲೆ ಕೈ ಇಟ್ಟಂತೆಯೂ ಆಗುತ್ತದೆ.

ಪ್ಲಗ್ ತೆಗೆದ ಮೇಲೆ ತಳದ ಮುಚ್ಚಳವನ್ನು ಬಿಚ್ಚಿ. ಕೆಪಾಸಿಟರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪ್ಲಗ್ ತೆಗೆದಿದ್ದರೂ ಅದರಲ್ಲಿ ವಿದ್ಯುತ್ ಉಳಿದಿರಬಹುದು, ಆದ್ದರಿಂದ ತಂತಿಗಳನ್ನು ಮುಟ್ಟುವ ಮೊದಲು ಸುಮಾರು 10 ಕಿಲೋ ಓಮ್‌ನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಹಿಡಿಯಿಂದ ಹಿಡಿದು ಅದರ ಎರಡು ತುದಿಗಳಿಗೆ ಕೆಲವು ಸೆಕೆಂಡು ತಾಗಿಸಿ, ಮೀಟರಿನಲ್ಲಿ ವೋಲ್ಟೇಜ್ ಇಳಿದಿರುವುದನ್ನು ಖಚಿತಪಡಿಸಿಕೊಳ್ಳಿ. ಸ್ಕ್ರೂಡ್ರೈವರಿನಿಂದ ನೇರವಾಗಿ ಶಾರ್ಟ್ ಮಾಡುವುದು ಬೇಡ. ಬಳಿಕ ಕೆಪಾಸಿಟರ್ ಅಳೆಯುವ ಮೀಟರಿನಲ್ಲಿ ನೋಡಿದಾಗ ಅದರ ಮೇಲೆ ನಮೂದಿಸಿರುವ ಮೈಕ್ರೋಫ್ಯಾರಡ್‌ಗಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಬದಲಿಸಿ. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು.

ಕೆಲವು ಗ್ರೈಂಡರ್‌ಗಳಲ್ಲಿ ವೇಗ ಏರಿದಾಗ ಸ್ಟಾರ್ಟಿಂಗ್ ವೈಂಡಿಂಗಿನ ಸಂಪರ್ಕ ಕಡಿಯುವ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ಯಂತ್ರವನ್ನು ಆರಿಸಿದ ಮೇಲೆ ವೇಗ ಇಳಿಯುತ್ತಿರುವಾಗ ಒಳಗಿನಿಂದ ಟಿಕ್ ಎಂಬ ಸದ್ದು ಕೇಳಿಸಿದರೆ ನಿಮ್ಮದರಲ್ಲೂ ಅದು ಇದೆ. ಸಾಣೆಯ ಧೂಳು ಅದರ ಸಂಪರ್ಕ ಬಿಂದುಗಳ ನಡುವೆ ಸೇರಿದರೆ ನೀವು ಹೇಳಿದಂತೆಯೇ ಕೆಲವೊಮ್ಮೆ ಹೊರಡುತ್ತದೆ, ಕೆಲವೊಮ್ಮೆ ಇಲ್ಲ. ಮುಚ್ಚಳ ತೆಗೆದಿರುವಾಗಲೇ ಅರ್ಥಿಂಗ್ ತಂತಿ ಲೋಹದ ಮೈಗೆ ಭದ್ರವಾಗಿ ಸೇರಿದೆಯೇ ಎಂದೂ ನೋಡಿಬಿಡಿ. ಈ ಯಂತ್ರದ ಒಳಗೆ ಸೇರುವ ಧೂಳಿನಲ್ಲಿ ಉಕ್ಕಿನ ಪುಡಿ ಇರುತ್ತದೆ, ಅದು ವಿದ್ಯುತ್ತನ್ನು ಹರಿಯಬಿಡುತ್ತದೆ. ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರಿನಿಂದ ವೈಂಡಿಂಗಿಗೂ ಮೈಗೂ ನಡುವೆ ಅಳೆದಾಗ ಕನಿಷ್ಠ 1 ಮೆಗಾ ಓಮ್ ಆದರೂ ಬರಬೇಕು.

ಟೂಲ್‌ರೂಮ್:

ಅಂಚು ನೀಲಿಯಾಗುವ ವಿಷಯ ನನಗೆ ಬಹಳ ಹತ್ತಿರವಾದದ್ದು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಸಾಣೆಯ ಚಕ್ರವೆಂದರೆ ಲಕ್ಷಾಂತರ ಚೂಪಾದ ಹರಳುಗಳನ್ನು ಒಂದು ಅಂಟಿನಲ್ಲಿ ಹಿಡಿದಿಟ್ಟ ಕಲ್ಲು. ಹರಳು ಮೊಂಡಾದಾಗ ಅದರ ಮೇಲಿನ ಒತ್ತಡ ಹೆಚ್ಚಿ, ಅದು ಅಂಟಿನಿಂದ ಕಳಚಿಬಿದ್ದು, ಕೆಳಗಿನ ಹೊಸ ಹರಳು ಹೊರಬರಬೇಕು. ಅಂಟು ಅಗತ್ಯಕ್ಕಿಂತ ಗಟ್ಟಿಯಾಗಿದ್ದರೆ ಮೊಂಡು ಹರಳುಗಳು ಬೀಳದೆ ಅಲ್ಲೇ ನಿಂತು ಚಕ್ರದ ಮೈ ಹೊಳೆಯತೊಡಗುತ್ತದೆ. ಅಂಥ ಚಕ್ರ ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಉಜ್ಜಿದರೆ ಹುಟ್ಟುವುದು ಶಾಖ. ಇನ್ನೊಂದು ಬಗೆಯ ಕೇಡೆಂದರೆ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದಂಥ ಮೆದು ಲೋಹಗಳನ್ನು ಹಿಡಿದಾಗ ಅವು ಹರಳುಗಳ ನಡುವಿನ ರಂಧ್ರಗಳಲ್ಲಿ ತುಂಬಿಕೊಳ್ಳುವುದು. ನಿಮ್ಮ ಚಕ್ರದ ಮೈಯನ್ನು ಓರೆ ಬೆಳಕಿನಲ್ಲಿ ನೋಡಿ: ಗಾಜಿನ ಹೊಳಪಿದ್ದರೆ ಮೊದಲನೆಯದು, ಲೋಹದ ಮಚ್ಚೆಗಳಿದ್ದರೆ ಎರಡನೆಯದು.

ಎರಡಕ್ಕೂ ಪರಿಹಾರ ಡ್ರೆಸ್ಸಿಂಗ್, ಅಂದರೆ ಚಕ್ರದ ಮೇಲ್ಪದರವನ್ನು ಕೆರೆದು ತೆಗೆಯುವುದು. ನಕ್ಷತ್ರಾಕಾರದ ಉಕ್ಕಿನ ಬಿಲ್ಲೆಗಳಿರುವ ಡ್ರೆಸ್ಸರ್ ಅಥವಾ ತುದಿಯಲ್ಲಿ ವಜ್ರ ಕೂರಿಸಿದ ಡ್ರೆಸ್ಸರ್ ಬಳಸಬಹುದು. ವಜ್ರದ್ದನ್ನು ಚಕ್ರದ ನಡುಮಟ್ಟದಲ್ಲಿ ಅಥವಾ ತುಸು ಕೆಳಗೆ, ತುದಿ ಚಕ್ರ ತಿರುಗುವ ದಿಕ್ಕಿಗೆ ಸ್ವಲ್ಪ ಬಾಗಿರುವಂತೆ ಹಿಡಿದು, ಮೇಲುಮೇಲೆ ತಾಗಿಸುತ್ತ ಒಂದೇ ವೇಗದಲ್ಲಿ ಅಡ್ಡಡ್ಡ ಸರಿಸಬೇಕು. ಒಂದೇ ಸಲಕ್ಕೆ ಆಳವಾಗಿ ಒತ್ತಿದರೆ ವಜ್ರ ಕಿತ್ತುಬರುತ್ತದೆ. ಡ್ರೆಸ್ಸಿಂಗ್ ಚಕ್ರದ ಮೈಯನ್ನು ಚೂಪುಗೊಳಿಸುವುದರ ಜೊತೆಗೆ ಅದನ್ನು ಮತ್ತೆ ದುಂಡಗೆ ಮಾಡುತ್ತದೆ, ಹಾಗಾಗಿ ನಿಮ್ಮ ಅದುರುವಿಕೆಯ ಒಂದು ಭಾಗವೂ ಇದರಲ್ಲೇ ಕಡಿಮೆಯಾಗಬಹುದು. ಈ ಕೆಲಸದಲ್ಲಿ ವಿಪರೀತ ಧೂಳು ಬರುವುದರಿಂದ ಕನ್ನಡಕದ ಜೊತೆಗೆ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಮುಗಿದ ಮೇಲೆ ಸಂದು ಅಗಲವಾಗಿರುತ್ತದೆ, ರೆಸ್ಟನ್ನು ಮರಳಿ ಹತ್ತಿರ ತನ್ನಿ.

ಉಳಿಯ ಹದದ ಬಗ್ಗೆ. ಮರಗೆಲಸದ ಉಳಿ ಸಾಮಾನ್ಯವಾಗಿ ಕಾರ್ಬನ್ ಉಕ್ಕಿನದಾಗಿರುತ್ತದೆ. ಅದರ ಬಣ್ಣ ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೆಳು ಹಳದಿಗೆ, 300ರ ಆಸುಪಾಸಿನಲ್ಲಿ ನೀಲಿಗೆ ತಿರುಗುತ್ತದೆ. ನೀಲಿಯಾದ ಕಡೆ ಉಕ್ಕಿನ ಹದ ಇಳಿದು ಅಂಚು ಮೆತ್ತಗಾಗಿದೆ ಎಂದೇ ಅರ್ಥ. ಆಮೇಲೆ ನೀರಿನಲ್ಲಿ ಅದ್ದಿದರೆ ಹದ ಮರಳಿ ಬರುವುದಿಲ್ಲ, ಆ ಭಾಗವನ್ನು ನಿಧಾನವಾಗಿ ಸವೆಸಿ ತೆಗೆಯುವುದೊಂದೇ ದಾರಿ. ಆದ್ದರಿಂದ ಬಣ್ಣ ಬರುವ ಮುನ್ನವೇ, ಒಂದೆರಡು ಸಲ ಸರಿಸಿದ ಕೂಡಲೇ ನೀರಿನಲ್ಲಿ ಅದ್ದಬೇಕು. ತೆಳುವಾದ ಅಂಚಿಗೆ ಶಾಖ ಬೇಗ ಏರುವುದರಿಂದ ಕೊನೆಯ ಹಂತದಲ್ಲಿ ಕೈ ಇನ್ನೂ ಹಗುರವಾಗಿರಲಿ. ಅಂಚನ್ನು ಗ್ರೈಂಡರಿನಲ್ಲೇ ಪೂರ್ತಿ ಮುಗಿಸದೆ ಕೊನೆಗೆ ಮಸೆಗಲ್ಲಿನ ಮೇಲೆ ಮಸೆಯುವುದು ಉತ್ತಮ. ಹೈಸ್ಪೀಡ್ ಸ್ಟೀಲಿನ ಡ್ರಿಲ್ ಬಿಟ್ ಸುಮಾರು 550 ಡಿಗ್ರಿಯವರೆಗೂ ಹದ ಕಳೆದುಕೊಳ್ಳುವುದಿಲ್ಲ, ಆದರೆ ಅದು ಚೆನ್ನಾಗಿ ಕಾದಿರುವಾಗ ಒಮ್ಮೆಲೇ ನೀರಿಗೆ ಅದ್ದಿದರೆ ಸೂಕ್ಷ್ಮ ಬಿರುಕುಗಳು ಮೂಡಬಹುದು. ಅದನ್ನು ಗಾಳಿಯಲ್ಲಿ ಆರಲು ಬಿಡಿ.

ಮರಗೆಲಸ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ಲಗ್ ತೆಗೆದಿಟ್ಟಿದ್ದೇನೆ. ಬಲಗಡೆಯ ಚಕ್ರ ಸಲೀಸಾಗಿ ಬಂತು, ತಟ್ಟಿದಾಗ ಸ್ಪಷ್ಟವಾಗಿ ನುಡಿಯಿತು. ಆದರೆ ಅದರ ರಂಧ್ರಕ್ಕೂ ಶಾಫ್ಟಿಗೂ ನಡುವೆ ಆ ಸಂದನ್ನು ತುಂಬುವ ಬಳೆಯಾದ ಬುಷ್ ಇರಬೇಕಾದ ಜಾಗದಲ್ಲಿ ಯಾರೋ ರಟ್ಟಿನ ಕಾಗದ ಸುತ್ತಿದ್ದಾರೆ. ಎರಡು ಫ್ಲ್ಯಾಂಜ್‌ಗಳಲ್ಲಿ ಹೊರಗಿನದರ ಬದಲು ದೊಡ್ಡ ವಾಷರ್ ಹಾಕಿದ್ದಾರೆ. ಎಡಗಡೆಯ ನಟ್ ಎಷ್ಟು ಬಲ ಹಾಕಿದರೂ ಸಡಿಲವಾಗುತ್ತಿಲ್ಲ.

ಫಿಟ್ಟರ್:

ಎಡಗಡೆಯ ನಟ್ಟಿಗೆ ಇನ್ನು ಬಲ ಹಾಕಬೇಡಿ, ನೀವು ಅದನ್ನು ಬಿಗಿಗೊಳಿಸುತ್ತಿರಬಹುದು. ಬೆಂಚ್ ಗ್ರೈಂಡರಿನ ಎಡ ತುದಿಯಲ್ಲಿ ಎಡ ಮರೆ (ಎಡಕ್ಕೆ ಸುತ್ತಿದ ಸ್ಕ್ರೂ ಥ್ರೆಡ್) ಇರುತ್ತದೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಚಕ್ರ ತಿರುಗುವಾಗ ನಟ್ ತಾನಾಗಿ ಕಳಚಿಕೊಳ್ಳದಿರಲೆಂದು ಈ ವ್ಯವಸ್ಥೆ. ಬಿಚ್ಚುವಾಗ ಚಕ್ರವನ್ನು ತಡೆಯಲು ರೆಸ್ಟಿಗೂ ಅದಕ್ಕೂ ನಡುವೆ ಲೋಹದ ಸರಳು ತೂರಿಸಬೇಡಿ, ಮರದ ಬೆಣೆ ಸಾಕು.

ಅದುರುವಿಕೆಯ ಕಾರಣ ಬಹುಪಾಲು ನಿಮ್ಮ ಕೈಗೇ ಸಿಕ್ಕಿದೆ. ರಟ್ಟು ಒಂದು ಬದಿಗೆ ಹಿಸುಕಿಕೊಂಡರೆ ಚಕ್ರದ ನಡು ಶಾಫ್ಟಿನ ನಡುವಿಗೆ ಕೂಡುವುದಿಲ್ಲ. ಸರಿಯಾದ ಅಳತೆಯ ಬುಷ್ ಹಾಕಿ. ಚಕ್ರ ಶಾಫ್ಟಿನ ಮೇಲೆ ಸರಾಗವಾಗಿ ಜಾರಬೇಕು, ಲೊಡಲೊಡ ಆಡಬಾರದು, ಸುತ್ತಿಗೆಯಿಂದ ಹೊಡೆದು ಕೂರಿಸುವಷ್ಟು ಬಿಗಿಯೂ ಇರಬಾರದು.

ವಾಷರ್ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಫ್ಲ್ಯಾಂಜ್‌ಗಳೆರಡೂ ಒಂದೇ ವ್ಯಾಸದವಾಗಿರಬೇಕು, ಆ ವ್ಯಾಸ ಚಕ್ರದ ವ್ಯಾಸದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬಾರದು, ಅಂದರೆ ನಿಮ್ಮ 150 ಮಿ.ಮೀ. ಚಕ್ರಕ್ಕೆ ಕನಿಷ್ಠ 50 ಮಿ.ಮೀ. ಬೇಕು. ಅವುಗಳ ಒಳಮೈ ನಡುವಿನಲ್ಲಿ ತಗ್ಗಾಗಿದ್ದು, ಹೊರ ಅಂಚಿನ ಬಳೆ ಮಾತ್ರ ಚಕ್ರವನ್ನು ಒತ್ತುತ್ತದೆ. ಚಪ್ಪಟೆ ವಾಷರ್ ಆದರೆ ರಂಧ್ರದ ಸುತ್ತಲೇ, ಅಂದರೆ ತಿರುಗುವಾಗ ಅತಿ ಹೆಚ್ಚು ಸೆಳೆತ ಬೀಳುವ ಜಾಗದಲ್ಲೇ, ಚಕ್ರವನ್ನು ಹಿಸುಕುತ್ತದೆ. ಚಕ್ರದ ಎರಡೂ ಬದಿಗೆ ಅಂಟಿಸಿರುವ ಕಾಗದದ ಬಿಲ್ಲೆಗಳನ್ನು ಕಿತ್ತುಹಾಕಬೇಡಿ. ಅವು ಬರೀ ಲೇಬಲ್ ಅಲ್ಲ, ಒತ್ತಡವನ್ನು ಸಮನಾಗಿ ಹಂಚುವುದು ಅವುಗಳ ಕೆಲಸ. ನಟ್ಟನ್ನು ಚಕ್ರ ಜಾರದಷ್ಟು ಮಾತ್ರ ಬಿಗಿ ಮಾಡಿ.

ಹೊಸ ಚಕ್ರ ತರುವುದಾದರೆ ಅದರ ಮೇಲಿನ ಗರಿಷ್ಠ ವೇಗವನ್ನು ಓದಿ, ಅದು ಯಂತ್ರದ ವೇಗಕ್ಕಿಂತ ಹೆಚ್ಚೇ ಇರಬೇಕು. ನಿಮಿಷಕ್ಕೆ 2850 ಸುತ್ತಿನಲ್ಲಿ 150 ಮಿ.ಮೀ. ಚಕ್ರದ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್, ಅಂದರೆ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಚಕ್ರದೊಳಗಿನ ಸೆಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಆದ್ದರಿಂದ ಹತ್ತರಲ್ಲೊಂದು ಭಾಗ ವೇಗ ಹೆಚ್ಚಿದರೆ ಸೆಳೆತ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಚಕ್ರ ಕೂರಿಸಿದ ಮೇಲೆ ಗಾರ್ಡ್‌ಗಳನ್ನು ಹಾಕಿ, ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು, ಕನಿಷ್ಠ ಒಂದು ನಿಮಿಷ ಬರಿದೇ ಓಡಲು ಬಿಡಿ. ಇದೊಂದು ಅಭ್ಯಾಸವನ್ನು ಪ್ರತಿದಿನದ ಆರಂಭದಲ್ಲೂ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಟೂಲ್‌ರೂಮ್:

ಯಾವ ಚಕ್ರ ತರಬೇಕೆಂಬುದಕ್ಕೆ ಒಂದು ಮಾತು ಸೇರಿಸುತ್ತೇನೆ. ಚಕ್ರದ ಮೇಲೆ ಎ 60 ಕೆ 5 ವಿ ಎಂಬಂಥ ಗುರುತು ಇರುತ್ತದೆ. ಮೊದಲ ಅಕ್ಷರ ಹರಳಿನ ಜಾತಿ: ಎ ಎಂದರೆ ಅಲ್ಯೂಮಿನಿಯಂ ಆಕ್ಸೈಡ್, ಇದು ಉಕ್ಕಿಗೆ. ಸಿ ಎಂದರೆ ಸಿಲಿಕಾನ್ ಕಾರ್ಬೈಡ್, ಇದರ ಹಸಿರು ಬಗೆಯನ್ನು ಕಾರ್ಬೈಡ್ ತುದಿಯ ಉಪಕರಣಗಳಿಗೆ ಬಳಸುತ್ತಾರೆ. ಎರಡನೆಯದಾದ 60ರಂಥ ಅಂಕಿ ಹೆಚ್ಚಿದಷ್ಟೂ ಹರಳು ಸಣ್ಣದು. ಮೂರನೆಯದು ಅಂಟಿನ ಗಟ್ಟಿತನ, ಎ ಇಂದ ಜ಼ೆಡ್‌ವರೆಗೆ ಏರುತ್ತ ಹೋಗುತ್ತದೆ. ಅದರ ನಂತರದ 5 ಹರಳುಗಳು ಎಷ್ಟು ಒತ್ತಾಗಿವೆ ಎಂಬುದರ ಸೂಚನೆ. ಕೊನೆಯ ವಿ ಎಂದರೆ ಸುಟ್ಟ ಮಣ್ಣಿನಂಥ ವಿಟ್ರಿಫೈಡ್ ಅಂಟು. ನಿಮ್ಮ ಉಳಿಗಳಿಗೆ 60 ಅಥವಾ 80ರ ಬಿಳಿ ಅಲ್ಯೂಮಿನಿಯಂ ಆಕ್ಸೈಡ್, ಗಟ್ಟಿತನ ಕೆ ಅಥವಾ ಅದಕ್ಕಿಂತ ಮೆದುವಾದದ್ದು ತನ್ನಿ. ಯಂತ್ರದ ಜೊತೆ ಬರುವ ಬೂದು ಚಕ್ರಗಳು ಸಾಮಾನ್ಯವಾಗಿ ಇದಕ್ಕಿಂತ ಗಟ್ಟಿ. ಅವು ಬಹುಕಾಲ ಬಾಳುತ್ತವೆ, ಆದರೆ ತೆಳು ಅಂಚನ್ನು ಸುಡುತ್ತವೆ.

ವೆಲ್ಡಿಂಗ್:

ಇಷ್ಟೆಲ್ಲ ಚರ್ಚೆಯಾದರೂ ಕೈಗವಸಿನ ಮಾತು ಬರಲಿಲ್ಲ. ಕಿಡಿಯೂ ಬಿಸಿಯೂ ಇರುವ ಕೆಲಸಕ್ಕೆ ಚರ್ಮದ ಕೈಗವಸು ಕಡ್ಡಾಯವೆಂದು ನನ್ನ ಅಭಿಪ್ರಾಯ. ಬರಿಗೈಯಲ್ಲಿ ಬಿಸಿ ತುಂಡನ್ನು ಹಿಡಿದವರು ಅದನ್ನು ಚಕ್ರದ ಬಳಿಯೇ ಕೈಬಿಡುವ ಸಂಭವವೂ ಇದೆಯಲ್ಲವೇ?

ಫಿಟ್ಟರ್:

ನಿಮ್ಮ ಕಾಳಜಿ ನ್ಯಾಯವಾದದ್ದೇ. ಆದರೂ ಬೆಂಚ್ ಗ್ರೈಂಡರಿನಲ್ಲಿ ನಾನು ಕೈಗವಸನ್ನು ಒಪ್ಪುವುದಿಲ್ಲ. ಕೈಯಲ್ಲಿ ಹಿಡಿದು ನಡೆಸುವ ಆ್ಯಂಗಲ್ ಗ್ರೈಂಡರಿನಲ್ಲಿ ಎರಡೂ ಕೈಗಳು ಹಿಡಿಯ ಮೇಲಿರುತ್ತವೆ. ಇಲ್ಲಿ ಬೆರಳುಗಳು ಚಕ್ರದಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತವೆ, ಕೈಗವಸಿನ ತುದಿ ರೆಸ್ಟಿನ ಸಂದಿಗೆ ಸಿಕ್ಕರೆ ಚರ್ಮ ಹರಿಯುವ ಬದಲು ಕೈಯನ್ನೇ ಒಳಗೆ ಎಳೆಯುತ್ತದೆ. ಬರಿಗೈ ತಾಗಿದರೆ ತರಚುಗಾಯವಾಗುತ್ತದೆ, ಸಿಕ್ಕಿಕೊಂಡರೆ ಬೆರಳು ಹೋಗುತ್ತದೆ. ಬರಿಗೈಗೆ ಬಿಸಿ ತಾಗುವುದು ಉಳಿಯನ್ನು ನೀರಿಗೆ ಅದ್ದಬೇಕೆಂಬ ಎಚ್ಚರಿಕೆಯೂ ಹೌದು. ಸಣ್ಣ ತುಂಡುಗಳನ್ನು ಲಾಕಿಂಗ್ ಪ್ಲೈಯರಿನಿಂದ ಹಿಡಿಯಿರಿ. ಸಡಿಲವಾದ ತೋಳು, ಕೊರಳ ಸರ, ಬಿಟ್ಟ ಕೂದಲು ಇವಕ್ಕೂ ಇದೇ ಮಾತು. ಕಣ್ಣಿಗೆ ಮಾತ್ರ ಪಕ್ಕದಿಂದಲೂ ಮುಚ್ಚಿರುವ ಸುರಕ್ಷಾ ಕನ್ನಡಕ, ಅದರ ಮೇಲೆ ಫೇಸ್ ಶೀಲ್ಡ್ ಬೇಕು. ಯಂತ್ರದ ಮೇಲಿರುವ ಪಾರದರ್ಶಕ ಫಲಕ ಕನ್ನಡಕದ ಬದಲಿಯಲ್ಲ.

ವೈಂಡಿಂಗ್:

ಅಲ್ಯೂಮಿನಿಯಂ ಪ್ರಸ್ತಾಪ ಬಂದದ್ದರಿಂದ ಒಂದು ಎಚ್ಚರಿಕೆ. ಅಲ್ಯೂಮಿನಿಯಂ ಪುಡಿಯೂ ಉಕ್ಕಿನ ತುಕ್ಕುಧೂಳೂ ಒಂದೇ ಗಾರ್ಡಿನೊಳಗೆ ಬೆರೆತು ಕೂತಿದ್ದರೆ, ಕಿಡಿ ತಾಗಿದಾಗ ಅತಿ ತೀವ್ರವಾಗಿ ಉರಿಯಬಲ್ಲದು. ಅಂಥ ಉರಿಗೆ ನೀರು ಹಾಕುವಂತಿಲ್ಲ. ಗಾರ್ಡಿನ ಒಳಭಾಗವನ್ನು ಆಗಾಗ ಬಿಚ್ಚಿ ಸ್ವಚ್ಛಗೊಳಿಸಿ, ಕಿಡಿ ಹಾರುವ ದಿಕ್ಕಿನಲ್ಲಿ ಮರದ ಹೊಟ್ಟನ್ನು ಇರಿಸಬೇಡಿ. ಮರಗೆಲಸದ ಜಾಗದಲ್ಲಿ ಇದು ತೀರ ಮುಖ್ಯ.

ಮರಗೆಲಸ:

ಎಡಗಡೆಯ ಚಕ್ರವೂ ಬಂತು. ತಟ್ಟಿದಾಗ ಸದ್ದು ಸ್ಪಷ್ಟವಾಗಿ ಒಡಕು. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಕೆಪಾಸಿಟರಿನ ಮೇಲೆ 12 ಮೈಕ್ರೋಫ್ಯಾರಡ್ ಎಂದಿದೆ, ಮೀಟರ್ 7ನ್ನಷ್ಟೇ ತೋರಿಸಿತು. ಹೊಸದನ್ನು ಹಾಕಿದ ಮೇಲೆ ಬರೀ ಶಾಫ್ಟ್ ಒಂದೇ ಸಲಕ್ಕೆ ಹೊರಟಿತು, ಅದುರುವಿಕೆಯೂ ಇಲ್ಲ, ಆದರೆ ಗೊರಗೊರ ಸದ್ದು ಸಣ್ಣಗೆ ಕೇಳಿಸುತ್ತದೆ ಮತ್ತು ಸ್ವಿಚ್ ಆರಿಸಿದ ಸ್ವಲ್ಪ ಹೊತ್ತಿಗೇ ಶಾಫ್ಟ್ ನಿಲ್ಲುತ್ತದೆ.

ವೈಂಡಿಂಗ್:

ಹಾಗಾದರೆ ಬೇರಿಂಗಿನ ಬಗ್ಗೆ ನಿಮ್ಮ ಊಹೆಯೂ ಸರಿಯಾಗಿದೆ. ಅದು ಅದುರುವಿಕೆಯ ಮುಖ್ಯ ಕಾರಣವಾಗಿರಲಿಲ್ಲ ಅಷ್ಟೇ. ಸುಸ್ಥಿತಿಯಲ್ಲಿರುವ ಗ್ರೈಂಡರ್ ಚಕ್ರಗಳೊಡನೆ ಆರಿಸಿದ ಮೇಲೂ ಬಹಳ ಹೊತ್ತು ತಿರುಗುತ್ತಿರುತ್ತದೆ. ಚಕ್ರವಿಲ್ಲದೆ ಬೇಗ ನಿಲ್ಲುವುದು ಸಹಜವೇ ಆದರೂ, ಗೊರಗೊರ ಸದ್ದು ಸೇರಿದಾಗ ಧೂಳು ಬೇರಿಂಗ್ ಹೊಕ್ಕಿದೆ ಎಂದೇ ತಿಳಿಯಬೇಕು. ಪ್ಲಗ್ ತೆಗೆದು ಶಾಫ್ಟನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಬೆರಳಿಗೆ ಮರಳಿನ ತೊಡರು ಸಿಗುತ್ತದೆ.

ಎರಡೂ ಬದಿಯ ಮುಚ್ಚಳಗಳ ಜಾಗವನ್ನು ಮೊದಲು ಗುರುತು ಹಾಕಿಕೊಂಡು ಬಿಚ್ಚಿ. ಬೇರಿಂಗಿನ ಮೇಲೆ ಅದರ ಸಂಖ್ಯೆ ಇರುತ್ತದೆ: 6202 ಆದರೆ ಒಳವ್ಯಾಸ 15, ಹೊರವ್ಯಾಸ 35, ಅಗಲ 11 ಮಿ.ಮೀ.; 6203 ಆದರೆ ಕ್ರಮವಾಗಿ 17, 40, 12. ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಆಯ್ದುಕೊಳ್ಳಿ, ಸಾಣೆಯ ಧೂಳಿಗೆ ಲೋಹದ ಮುಚ್ಚಳಕ್ಕಿಂತ ಅದೇ ಉತ್ತಮ ತಡೆ. ಹಳೆಯದನ್ನು ಪುಲ್ಲರಿನಿಂದ ತೆಗೆಯಿರಿ. ಹೊಸದನ್ನು ಕೂರಿಸುವಾಗ ಒಳ ಬಳೆಯ ಮೇಲೆ ಮಾತ್ರ ಬೀಳುವಂತೆ ಕೊಳವೆಯ ತುಂಡನ್ನಿಟ್ಟು ಒತ್ತಿರಿ. ಹೊರ ಬಳೆಗೆ ಹೊಡೆದರೆ ಏಟು ಗುಂಡುಗಳ ಮೂಲಕ ಹಾದು, ಹೊಸ ಬೇರಿಂಗ್ ಮೊದಲ ದಿನವೇ ಹಾಳಾಗುತ್ತದೆ.

ಮರಗೆಲಸ:

ಬೇರಿಂಗ್, ಬುಷ್, ಸರಿಯಾದ ಫ್ಲ್ಯಾಂಜ್, ಬಿಳಿಯ ಹೊಸ ಚಕ್ರ ಎಲ್ಲವೂ ಕೂತಿವೆ. ಬಲಗಡೆ ಡ್ರೆಸ್ಸಿಂಗ್ ಮಾಡಿದ ಮೇಲೆ ಯಂತ್ರ ಹೆಚ್ಚುಕಡಿಮೆ ಅದುರುವುದೇ ಇಲ್ಲ, ಉಳಿಯೂ ಬಣ್ಣ ತಿರುಗದೆ ಚೂಪಾಗುತ್ತಿದೆ. ಎರಡು ಸಂಗತಿ ಉಳಿದಿವೆ. ಒಡಕು ಚಕ್ರವನ್ನು ಕೈಯಿಂದ ಉಜ್ಜುವ ಕಲ್ಲಾಗಿ ಇಟ್ಟುಕೊಳ್ಳಬಹುದೇ? ಎಡಗಡೆಗೆ ತುಕ್ಕು ತೆಗೆಯುವ ತಂತಿ ಬ್ರಷ್ ಹಾಕಬಹುದೇ?

ಫಿಟ್ಟರ್:

ಒಡಕು ಚಕ್ರವನ್ನು ಇಡೀ ರೂಪದಲ್ಲಿ ಎಲ್ಲೂ ಇಡಬೇಡಿ. ನಡುವಿನ ರಂಧ್ರ ಉಳಿದಿರುವವರೆಗೆ ಯಾರಾದರೂ ಅದನ್ನು ಮತ್ತೆ ಶಾಫ್ಟಿಗೆ ಹಾಕಬಹುದು, ಕಣ್ಣಿಗೆ ಬಿರುಕು ಕಾಣದ ಚಕ್ರದಲ್ಲಂತೂ ಇದು ಇನ್ನೂ ಸುಲಭ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಒಡೆದುಬಿಡಿ. ಬೇಕಾದರೆ ಅದರಲ್ಲೊಂದು ಚೂರನ್ನು ಉಜ್ಜಲು ಬಳಸಿಕೊಳ್ಳಿ.

ತಂತಿ ಬ್ರಷ್ ಹಾಕಬಹುದು. ಅದರ ಮೇಲೆ ನಮೂದಿಸಿದ ಗರಿಷ್ಠ ವೇಗ 2850ಕ್ಕಿಂತ ಹೆಚ್ಚಿರಲಿ, ಗಾರ್ಡನ್ನು ತೆಗೆಯಬೇಡಿ, ರೆಸ್ಟನ್ನು ಅದಕ್ಕೂ 3 ಮಿ.ಮೀ. ಒಳಗೇ ಹೊಂದಿಸಿ. ಸವೆದ ಬ್ರಷ್‌ನಿಂದ ತಂತಿಗಳು ಒಂದೊಂದಾಗಿ ಮುರಿದು ಸೂಜಿಯಂತೆ ಹಾರುತ್ತವೆ, ಬಟ್ಟೆಯನ್ನು ದಾಟಿ ಚರ್ಮಕ್ಕೂ ನಾಟುತ್ತವೆ, ಆದ್ದರಿಂದ ಅಲ್ಲಿ ಫೇಸ್ ಶೀಲ್ಡ್ ಜೊತೆಗೆ ದಪ್ಪ ಚರ್ಮದ ಏಪ್ರನ್ ಕೂಡ ಬೇಕು. ತುಂಡಿನ ಅಂಚನ್ನು ಬ್ರಷ್ ತಿರುಗುವ ದಿಕ್ಕಿಗೆ ಎದುರಾಗಿ ಹಿಡಿದರೆ ಅದು ಕೈಯಿಂದ ಕಿತ್ತುಹೋಗುತ್ತದೆ. ಅಂಚಿನ ಹೊರಕ್ಕೆ ಬ್ರಷ್ ಜಾರುವಂತೆ, ನಡುಮಟ್ಟಕ್ಕಿಂತ ತುಸು ಕೆಳಗೆ ಹಿಡಿಯಿರಿ.